ಅದು ಅದೃಷ್ಟದ ಗೆಲುವಲ್ಲ

ಲಾಟ್ವಿಯಾದ 20 ವರ್ಷದೊಳಗಿನ ಐಸ್ ಹಾಕಿ ಹುಡುಗರು ಕೆನಡಾವನ್ನು ಸೋಲಿಸಿದ್ದು ಬರೀ ಅದೃಷ್ಟ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ವಿಶ್ವ ಜೂನಿಯರ್ ಚಾಂಪಿಯನ್‌ಶಿಪ್‌ನಲ್ಲಿ 2024ರ ಡಿಸೆಂಬರ್ 27ರ ಆ ಪಂದ್ಯ ನಡೆದದ್ದು ಕೆನಡಾದ ಒಟ್ಟಾವಾದಲ್ಲೇ. ಗೋಲ್‌ಕೀಪರ್ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್ 55 ಹೊಡೆತ ತಡೆದ. ನಾಲ್ಕೈದು ತಡೆದಿದ್ದರೆ ಅದೃಷ್ಟ ಅನ್ನಬಹುದಿತ್ತು, 55 ಸುಮ್ನೆ ಆಗುತ್ತದೆಯೇ? ಆಮೇಲೆ ಸಮವಾದ ಪಂದ್ಯದ ಗೆಲುವು ತೀರ್ಮಾನಿಸಲು ಒಬ್ಬೊಬ್ಬರೇ ಗೋಲಿಗೆ ಹೊಡೆಯುವ ಶೂಟೌಟ್‌ನಲ್ಲಿ ಏರಿಕ್ಸ್ ಮಾಟೆಯ್ಕೊ ಗೋಲು ಹೊಡೆದು 3-2ಕ್ಕೆ ಮುಗಿಸಿದ.

ಅದೇ ಟೂರ್ನಿಯ ಕ್ವಾರ್ಟರ್ ಫೈನಲ್ ವಿಷಯವನ್ನಂತೂ ನೀವು ಬಿಟ್ಟೇಬಿಟ್ಟಿದ್ದೀರಿ. ಅಲ್ಲಿ ಸ್ವೀಡನ್ ಇವರನ್ನು ಸೋಲಿಸಿದ್ದು ಒಂದೇ ಗೋಲಿನ ಅಂತರದಲ್ಲಿ. 20 ಲಕ್ಷ ಜನರೂ ಇಲ್ಲದ ದೇಶ ಲಾಟ್ವಿಯಾ. ಆ ಹುಡುಗರ ಬೆವರಿಗೆ ಸಿಗಬೇಕಾದ ಹೆಸರನ್ನು ಅದೃಷ್ಟಕ್ಕೆ ಕೊಟ್ಟರೆ ಹೊಟ್ಟೆ ಉರಿಯುತ್ತದೆ.