ಉತ್ತರ ಕುಮಾರನ ಚುಕ್ಕಾಣಿ

ಕ್ಯಾಬಿನ್ ಒಳಗಿಂದ ಹೆಂಡತಿ ಕೂಗಿ ಕೇಳಿದಳು, "ಏನ್ರೀ, ಮನೆಗೆ ವಾಪಸ್ ಹೊರಟ್ವಾ?"

ನಾನಾಗ ಹಾಯಿದೋಣಿಯ ಡೆಕ್ ಮೇಲೆ ಕೈಕಟ್ಟಿ ನಿಂತಿದ್ದೆ. ಏಳು ಸಮುದ್ರ ದಾಟಿದವನ ಗತ್ತು. ಚುಕ್ಕಾಣಿಯನ್ನು ಆಟೋಪೈಲಟ್‌ಗೆ ಒಪ್ಪಿಸಿ ಹತ್ತು ನಿಮಿಷವೂ ಆಗಿರಲಿಲ್ಲ. ತಿರುಗಿ ನೋಡಿದರೆ, ಬೆನ್ನ ಹಿಂದಿದ್ದ ಬಂದರು ಎದುರಿಗಿದೆ! ಬೋಟು ಗಾಳಿಗೆ ಮುಖ ಕೊಟ್ಟು ನಿಂತಿದೆ, ಹಾಯಿ ಪಟಪಟ ಬಡಿದುಕೊಳ್ಳುತ್ತಿದೆ. ಆಟೋಪೈಲಟ್ ಒಂದು ಸಲ 'ಬೀಪ್' ಅಂದು, ಆಗಷ್ಟೇ ನಿದ್ದೆಯಿಂದ ಎದ್ದ ಮಗುವಿನ ಹಾಗೆ ಪರದೆ ಮಿಟುಕಿಸಿತು.

ಅದಕ್ಕೆ ನಾನಿಟ್ಟಿದ್ದ ಹೆಸರು ಸಾರಥಿ. ಅವತ್ತೇ ಹೆಂಡತಿ ಮರುನಾಮಕರಣ ಮಾಡಿದಳು: ಉತ್ತರ ಕುಮಾರ. ಬಂದರಿನಲ್ಲಿ ಪೌರುಷ, ಅಲೆ ಕಂಡೊಡನೆ ಓಟ.

ಮಲ್ಟಿಮೀಟರ್ ತೆಗೆದೆ. ಬ್ಯಾಟರಿ ಹತ್ತಿರ 12.6 ವೋಲ್ಟ್. ಆಟೋಪೈಲಟ್ ಹತ್ತಿರವೂ 12.6. ಎಲ್ಲ ಸರಿ ಇದೆಯಲ್ಲ ಅಂತ ತಲೆ ಕೆರೆದುಕೊಂಡೆ. ಇಲ್ಲೇ ಹೊಸಬರೆಲ್ಲ ಮೋಸ ಹೋಗುವುದು. ಸುಮ್ಮನೆ ಕೂತಾಗ ವೋಲ್ಟೇಜು ಎಲ್ಲರ ಹತ್ತಿರವೂ ಇರುತ್ತದೆ. ಚುಕ್ಕಾಣಿ ತಳ್ಳುವ ಮೋಟರ್ ಓಡುವಾಗ ಅಳೆಯಬೇಕು. ಅಳೆದೆ. ಮುಳ್ಳು ಇದ್ದಿದ್ದರೆ ಬಿದ್ದೇ ಹೋಗುತ್ತಿತ್ತು: 10.2! ಕನೆಕ್ಟರ್ ಬಿಚ್ಚಿದರೆ ಒಳಗಿನ ತಾಮ್ರ ಪಾಚಿ ಕಟ್ಟಿದಂತೆ ಹಸಿರಾಗಿತ್ತು. ಉಪ್ಪುನೀರಿನ ಕೆಲಸ. ತಂತಿಯ ತುದಿ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿದೆ. ಲಾಕರ್ ಒಳಗೆ ತಲೆ ತೂರಿಸಿ, ಒಂದು ಕೈಯಲ್ಲಿ ತಂತಿ, ಇನ್ನೊಂದರಲ್ಲಿ ಇಕ್ಕಳ, ಬಾಯಲ್ಲಿ ಸ್ಕ್ರೂ. ಟಾರ್ಚ್ ಹಿಡಿಯಲು ಮೂರನೇ ಕೈ ಇಲ್ಲವಲ್ಲ! ಪುಣ್ಯಕ್ಕೆ ನನ್ನ ಟಾರ್ಚಿನ ಬುಡದಲ್ಲಿ ಮ್ಯಾಗ್ನೆಟ್ ಇದೆ. ಒಳಗಿನ ಕಬ್ಬಿಣದ ಪಟ್ಟಿಗೆ ಟಕ್ ಅಂತ ಅಂಟಿಸಿದೆ. ಎಷ್ಟು ಅನುಕೂಲ ಅಲ್ವಾ ಅಂದುಕೊಂಡೆ.

ಮರುದಿನ ಗಾಳಿ ಬಿದ್ದಿತ್ತು. ಎಂಜಿನ್ ಹಾಕಿ ಹೊರಟೆವು. ಆಟೋಪೈಲಟ್ ಬೀಪ್ ಅನ್ನಲಿಲ್ಲ, ಪರದೆ ಆರಲಿಲ್ಲ. ಖುಷಿಯಿಂದ '10 ಡಿಗ್ರಿ ಬಲಕ್ಕೆ' ಒತ್ತಿದೆ. ಬಲಕ್ಕೆ ತಿರುಗಿತು. ತಿರುಗುತ್ತಲೇ ಇತ್ತು. ಒಂದು ಸುತ್ತು, ಎರಡು ಸುತ್ತು. ದೇವಸ್ಥಾನವೇ ಇಲ್ಲದ ಕಡೆ ಪ್ರದಕ್ಷಿಣೆ. ಪರದೆ ಮಾತ್ರ ಒಂದೇ ಅಂಕಿ ಹಿಡಿದುಕೊಂಡು, ನಾನೆಲ್ಲಿ ತಿರುಗಿದೆ ಅನ್ನುವ ಹಾಗೆ ನನ್ನನ್ನೇ ನೋಡುತ್ತಿತ್ತು.

ಸರಿ, ಇದು ನೆಟ್‌ವರ್ಕ್ ತೊಂದರೆ ಅಂತ ತೀರ್ಮಾನಿಸಿದೆ. ಗಾಳಿ, ವೇಗ, ಆಳ, ದಿಕ್ಕು ಎಲ್ಲವೂ ಒಂದೇ ಕೇಬಲ್ಲಿನಲ್ಲಿ ಮಾತಾಡುತ್ತವೆ. ಆ ಕೇಬಲ್ಲಿನ ಎರಡು ತುದಿಗೂ 120 ಓಮ್‌ನ ಒಂದೊಂದು ಟರ್ಮಿನೇಟರ್, ಅಂದರೆ ತುದಿ ಮುಚ್ಚುವ ರೆಸಿಸ್ಟರ್, ಇರಬೇಕು. ಪವರ್ ತೆಗೆದು ಎರಡು ಸಿಗ್ನಲ್ ತಂತಿಗಳ ನಡುವೆ ಅಳೆದರೆ 60 ಬರಬೇಕು. 120 ಬಂದರೆ ಒಂದು ಟರ್ಮಿನೇಟರ್ ನಾಪತ್ತೆ, ಕಳ್ಳ ಸಿಕ್ಕ ಅಂತಲೇ ಅರ್ಥ. ಮೂರು ಗಂಟೆ ಬೋಟಿನ ಅರ್ಧ ಹಲಗೆ ಕಿತ್ತು ಅಳೆದೆ. 60 ಬಂತು. ಎಲ್ಲ ಸರಿ ಇದೆ ಅಂತ ಗೊತ್ತಾಗಿ ಅಷ್ಟು ಬೇಜಾರು ನನಗೆ ಯಾವತ್ತೂ ಆಗಿರಲಿಲ್ಲ.

1897ರಲ್ಲಿ, ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್ ಒಬ್ಬಂಟಿಯಾಗಿ 'ಸ್ಪ್ರೇ' ಬೋಟಿನಲ್ಲಿ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಕ್ಕೆ ಹೋದ. 2,700 ಮೈಲಿ, 23 ದಿನ. ಚುಕ್ಕಾಣಿ ಕಟ್ಟಿಹಾಕಿ ಬಿಟ್ಟಿದ್ದ. ಅಷ್ಟೂ ದಿನದಲ್ಲಿ ಅವನು ಅದನ್ನು ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಜಾಸ್ತಿ ಇಲ್ಲವಂತೆ. ನನಗೆ ಆ ಮೂರು ಗಂಟೆ ಹಲಗೆ ಕೀಳುವುದರಲ್ಲೇ ಮುಗಿಯಿತು.

ಮತ್ತೆ ಹೊರಟೆವು. ಮತ್ತೆ ಪ್ರದಕ್ಷಿಣೆ. ಮೂರನೇ ಸುತ್ತಿನಲ್ಲಿ ಬೋಟು ಇದ್ದಕ್ಕಿದ್ದಂತೆ ನೆಟ್ಟಗಾಯಿತು! ಎರಡು ನಿಮಿಷ ಗೆರೆ ಎಳೆದ ಹಾಗೆ ಹೋಯಿತು. ನಾನು ಮಾಡಿದ್ದೇ ಫಲಿಸಿತು ಅಂತ ಬೀಗುವಷ್ಟರಲ್ಲಿ ಮತ್ತೆ ಸೊಟ್ಟ.

ಹೆಂಡತಿ ಮೆಟ್ಟಿಲಿನ ಮೇಲೆ ತಲೆ ತೋರಿಸಿದಳು. "ಕನ್ನಡಕ ಹುಡುಕೋಕೆ ಲಾಕರಿಂದ ನಿಮ್ಮ ಟಾರ್ಚ್ ತಗೊಂಡೆ, ಬೋಟು ನೆಟ್ಟಗಾಯ್ತು. ವಾಪಸ್ ಅಂಟಿಸಿದೆ, ತಿರುಗೋಕೆ ಶುರು ಮಾಡ್ತು. ಇದರಲ್ಲಿ ಏನಾದ್ರೂ ಇದೆಯಾ?"

ಇತ್ತು. ಟಾರ್ಚ್ ಅಂಟಿಸಿದ್ದ ಆ ಕಬ್ಬಿಣದ ಪಟ್ಟಿಯ ಹಿಂದಿನ ಹಲಗೆಯ ಆಚೆ ಬದಿಯಲ್ಲೇ ಆಟೋಪೈಲಟ್‌ನ ಫ್ಲಕ್ಸ್‌ಗೇಟ್ ಕಾಂಪಸ್, ಅಂದರೆ ಅದರ ಎಲೆಕ್ಟ್ರಾನಿಕ್ ದಿಕ್ಸೂಚಿ, ಇತ್ತು. ಭೂಮಿಯ ಕಾಂತಕ್ಷೇತ್ರ ಬರೀ 25ರಿಂದ 65 ಮೈಕ್ರೊಟೆಸ್ಲಾ. ಅಷ್ಟು ಮೆಲ್ಲಗಿನ ಪಿಸುಮಾತನ್ನು ಕೇಳಿ ದಿಕ್ಕು ಹೇಳುವ ಪ್ರಾಣಿ ಅದು. ಅದರ ಕಿವಿಯ ಪಕ್ಕ ನಾನು ಧ್ವನಿವರ್ಧಕ ಕಟ್ಟಿದ್ದೆ. ಬೋಟು ಎತ್ತ ತಿರುಗಿದರೂ ಪಾಪ ಅದಕ್ಕೆ ಉತ್ತರ ದಿಕ್ಕು ಅಂದರೆ ನನ್ನ ಟಾರ್ಚು.

ಟಾರ್ಚನ್ನು ಬೋಟಿನ ಇನ್ನೊಂದು ತುದಿಗೆ ಗಡೀಪಾರು ಮಾಡಿದೆವು. ಕಾಂಪಸ್ಸನ್ನು ಹೊಸದಾಗಿ ಹೊಂದಿಸಬೇಕಿತ್ತು. ಅದು ಹೇಗೆ ಅಂದರೆ, ಬೋಟನ್ನು ಬೇಕಂತಲೇ ನಿಧಾನವಾಗಿ ಸುತ್ತು ಹೊಡೆಸಬೇಕು, ಒಂದು ಸುತ್ತಿಗೆ ಎರಡು ನಿಮಿಷದಷ್ಟು. ನಾವು ಹಾಗೆ ಸುತ್ತುತ್ತಿದ್ದಾಗ ಪಕ್ಕದಲ್ಲಿ ಹೋಗುತ್ತಿದ್ದ ಇನ್ನೊಂದು ಬೋಟಿನವರು ಹತ್ತಿರ ಬಂದು, ಏನಾದರೂ ಸಹಾಯ ಬೇಕಾ ಅಂತ ಕೇಳಿದರು.

"ಬೇಡ," ಅಂದಳು ಹೆಂಡತಿ, "ನಿನ್ನೆ ಬಂದಿದ್ರೆ ಬೇಕಿತ್ತು."