ಹೊರಗಿನ ಮಾಸ್ತರರಿಗೆ ನಮ್ಮ ಕಟ್ಟೆಯಲ್ಲಿ ಜಾಗ

ಕಲಬುರಗಿಯವನಾದ ನಾನು ಇಥಿಯೋಪಿಯಾದ ದಕ್ಷಿಣದಲ್ಲಿರುವ ಅರ್ಬಾ ಮಿಂಚ್ ಎಂಬ ಊರಿನಲ್ಲಿ ಪಾಠ ಹೇಳುತ್ತೇನೆ. ರಜೆಗೆ ಮನೆಗೆ ಬಂದಾಗ ಮಂದಿ ಕೇಳುವುದು ಎರಡೇ ಮಾತು. ಪಗಾರ ಎಷ್ಟು, ಊಟಕ್ಕೆ ಏನು ಸಿಗುತ್ತದೆ. ಅಲ್ಲಿ ನಿನ್ನನ್ನು ಯಾರು ಮಾತಾಡಿಸುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಪರದೇಶದ ಮಾಸ್ತರನ ಬದುಕು ಹಸನಾಗುವುದೂ ಕೆಡುವುದೂ ಆ ಕೇಳದ ಮಾತಿನಿಂದಲೇ. ಕ್ಲಾಸು ಸಂಜೆಗೆ ಮುಗಿಯುತ್ತದೆ. ಆಮೇಲೆ ಮಲಗುವವರೆಗಿನ ಹೊತ್ತನ್ನು ಯಾರ ಜೊತೆ ಕಳೆಯುವುದು?

ಭಾರತದ ಮಾಸ್ತರರು ಆ ದೇಶಕ್ಕೆ ಹೊಸಬರಲ್ಲ. ದೇಶವನ್ನು ಹಿಡಿದಿದ್ದ ಇಟಲಿಯವರು 1941ರಲ್ಲಿ ಸೋತು ಹೋದ ಮೇಲೆ ಚಕ್ರವರ್ತಿ ಹೈಲೆ ಸೆಲಾಸಿ ಶಾಲೆಗಳನ್ನು ಮತ್ತೆ ಕಟ್ಟಲು ಹೊರಟಾಗ ನಮ್ಮವರು ಅಲ್ಲಿಗೆ ಹೋದರು. ಹಿರಿಯರನ್ನು ಮಾತಾಡಿಸಿದರೆ ತಮಗೆ ಗಣಿತ ಕಲಿಸಿದವರು ಇಂಡಿಯಾದವರೇ ಎನ್ನುವವರು ಸಿಗುತ್ತಾರೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಹೊಸ ವಿಶ್ವವಿದ್ಯಾಲಯಗಳು ಎದ್ದಾಗ ಇನ್ನೂ ಬಹಳ ಮಂದಿ ಹೋದರು. ಅರ್ಬಾ ಮಿಂಚ್‌ನಲ್ಲಿ 1986ರಲ್ಲಿ ಶುರುವಾದ ಜಲ ತಂತ್ರಜ್ಞಾನ ಸಂಸ್ಥೆ 2004ರಲ್ಲಿ ವಿಶ್ವವಿದ್ಯಾಲಯವಾಯಿತು. ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ, ಹಾಗಾಗಿ ನನ್ನಂಥವರಿಗೆ ಕೆಲಸ ಕಷ್ಟವಲ್ಲ. ಗೇಟಿನ ಹೊರಗೆ ಮಾತ್ರ ಇಂಗ್ಲಿಷ್ ನಡೆಯುವುದಿಲ್ಲ.

ನನ್ನನ್ನು ಆ ಊರಿನವನನ್ನಾಗಿ ಮಾಡಿದ್ದು ಬುನ್ನಾ, ಅಂದರೆ ಅವರ ಕಾಫಿ. ನಾನಿರುವುದು ಒಂದು ವಠಾರದಲ್ಲಿ, ಒಂದೇ ಅಂಗಳಕ್ಕೆ ನಾಲ್ಕಾರು ಮನೆ. ಮನೆಯೊಡತಿ ನೆಲದ ಮೇಲೆ ಹಸಿ ಹುಲ್ಲು ಹಾಸುತ್ತಾರೆ, ಕೆಂಡದ ಮೇಲೆ ಧೂಪ ಹಾಕುತ್ತಾರೆ. ಹಸಿ ಕಾಫಿ ಬೀಜ ತೊಳೆದು, ಹುರಿದು, ಹೊಗೆಯಾಡುವ ಬಾಣಲೆಯನ್ನು ಕೂತವರ ಮುಂದೆಲ್ಲ ಹಿಡಿದು ವಾಸನೆ ತೋರಿಸುತ್ತಾರೆ. ಆಮೇಲೆ ಕುಟ್ಟಿ, ಜೆಬೆನಾ ಎಂಬ ಉದ್ದ ಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಕೆಯಿಲ್ಲದ ಪುಟ್ಟ ಬಟ್ಟಲುಗಳಿಗೆ ಬಗ್ಗಿಸುತ್ತಾರೆ. ಒಂದೇ ಪುಡಿಗೆ ಮೂರು ಸಲ ನೀರು. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬೆರೆಕಾ. ಜೊತೆಗೆ ಹುರಿದ ಜವೆಗೋಧಿ. ಮೂರನೆಯದು ಕುಡಿಯದೆ ಎದ್ದರೆ ಮನೆಯವರಿಗೆ ಬೇಸರ. ಇದೆಲ್ಲ ಮುಗಿಯಲು ಗಂಟೆಯ ಮೇಲೆ ಬೇಕು. ಆ ಹೊತ್ತಿನಲ್ಲಿ ವಠಾರದ ಸುದ್ದಿ, ಸಂತೆಯ ಧಾರಣೆ, ಯಾರ ಮಗಳಿಗೆ ಜ್ವರ, ಎಲ್ಲವೂ ಬರುತ್ತದೆ. ನಾನು ಅಲ್ಲಿ ನಡೆಯುವ ಅಮ್ಹಾರಿಕ್ ಭಾಷೆ ಕಲಿತದ್ದು ಆ ಅಂಗಳದಲ್ಲೇ.

ಗಮನಿಸಬೇಕಾದ್ದು ಇಷ್ಟು. ಅದಕ್ಕೆ ಯಾರೂ ಆಮಂತ್ರಣ ಕೊಡುವುದಿಲ್ಲ. ವಠಾರದಲ್ಲಿ ಇದ್ದೀಯ ಎಂದರೆ ಬಂದು ಕೂತುಕೊಳ್ಳಬೇಕು. ಬಾರದಿದ್ದರೆ ಹುಷಾರಿಲ್ಲವೇ ಎಂದು ಬಾಗಿಲು ಬಡಿಯುತ್ತಾರೆ.

ಸಾವಿನಲ್ಲಂತೂ ಇದು ಇನ್ನೂ ಗಟ್ಟಿ. ಅಲ್ಲಿ ಓಣಿ ಓಣಿಗೂ ಇದಿರ್ ಎಂಬ ಸಂಘವಿರುತ್ತದೆ. ಮನೆಗಿಷ್ಟೆಂದು ತಿಂಗಳ ವಂತಿಗೆ. ಯಾರಾದರೂ ತೀರಿಕೊಂಡರೆ ಡೇರೆ, ಬೆಂಚು, ಪಾತ್ರೆ, ಅಡುಗೆ ಎಲ್ಲವೂ ಸಂಘದ್ದೇ. ನನ್ನನ್ನು ಓದಿಸಿದ ಸೋದರಮಾವ ಕಲಬುರಗಿಯಲ್ಲಿ ತೀರಿಕೊಂಡ ಸುದ್ದಿ ಬಂದಾಗ ನನಗೆ ಹೋಗಲಾಗಲಿಲ್ಲ. ಅಲ್ಲಿನವರು ಮಾವನನ್ನು ಕಂಡವರಲ್ಲ, ಅವನ ಹೆಸರನ್ನು ಕೇಳಿದವರೂ ಅಲ್ಲ. ಆದರೂ ವಠಾರದವರು, ನನ್ನ ವಿಭಾಗದವರು ಬಂದು ನನ್ನ ಕೋಣೆಯಲ್ಲಿ ಗೋಡೆಗೊರಗಿ ಕೂತರು. ಬೇಯಿಸಿದ ಗೋಧಿ, ಕಡಲೆಯ ಗುಗ್ಗರಿ ತಂದಿದ್ದರು. ಹೆಚ್ಚು ಮಾತಿಲ್ಲ. ನಮ್ಮಲ್ಲೂ ಸತ್ತ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀಗರು, ನೆರೆಯವರು ಬುತ್ತಿ ತರುತ್ತಾರೆ. ಆದರೆ ಕಲಬುರಗಿಯಲ್ಲಿ ಬಾಡಿಗೆಗಿರುವ ಒಬ್ಬ ಒಡಿಶಾದ ಮಾಸ್ತರನ ತಾಯಿ ದೂರದೂರಿನಲ್ಲಿ ತೀರಿಕೊಂಡರೆ ಅವನಿಗೆ ಬುತ್ತಿ ಒಯ್ಯುವವರು ಯಾರು? ಈ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ.

ಅಲ್ಲಿ ಎಲ್ಲವೂ ಸುಖ ಎನ್ನುತ್ತಿಲ್ಲ. ಬೀದಿಯಲ್ಲಿ ಹುಡುಗರು ‘ಯೂ, ಯೂ’ ಎಂದು ಕೂಗುತ್ತಾ ಬೆನ್ನು ಹತ್ತುತ್ತಾರೆ. ಸಂತೆಯಲ್ಲಿ ಪರದೇಶಿಗೆ ಬೇರೆ ಬೆಲೆ. ನಮಗೆ ಪಗಾರ ಡಾಲರಿನಲ್ಲಿ, ನನ್ನಷ್ಟೇ ಓದಿದ ಅಲ್ಲಿನ ಉಪನ್ಯಾಸಕನಿಗೆ ಅದರ ಒಂದು ಪಾಲು ಮಾತ್ರ. ಗೆಳೆತನದಲ್ಲಿ ಈ ಅಂತರ ಮರೆಯುವುದಿಲ್ಲ, ಮರೆಯಲೂಬಾರದು. ಒಬ್ಬನೇ ಕೂತು ಓದಬೇಕೆನ್ನುವ ಸಂಜೆಗಳೂ ಕೈ ತಪ್ಪುತ್ತವೆ.

ಈಗ ನಮ್ಮೂರಿಗೆ ಬರುತ್ತೇನೆ. ಕಲಬುರಗಿಯವರು ಉಣಿಸುವುದರಲ್ಲಿ ಹಿಂದೆ ಬಿದ್ದವರಲ್ಲ. ಅಪ್ಪನ ಗುಡಿ ಎನ್ನುವ ಶರಣಬಸವೇಶ್ವರರ ಗುಡಿಯ ದಾಸೋಹದಲ್ಲಿ ಯಾರೆಂದು ಕೇಳುವುದಿಲ್ಲ. ಸೂಫಿ ಸಂತ ಬಂದೇ ನವಾಜರ ಉರುಸಿಗೆ ಎಲ್ಲ ಜಾತಿ, ಧರ್ಮದವರೂ ಹೋಗುತ್ತಾರೆ. ಎಳ್ಳಮವಾಸಿಗೆ ಪಟ್ಟಣ ಖಾಲಿಯಾಗುತ್ತದೆ. ಸ್ವಂತ ಹೊಲ ಇಲ್ಲದವರನ್ನೂ, ಆಫೀಸಿನವರನ್ನೂ ಕರೆದುಕೊಂಡು ಹೋಗಿ, ಹೊಲಕ್ಕೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿ ಸಾಕೆಂದರೂ ಬಿಡದೆ ಬಡಿಸುತ್ತೇವೆ. ಇಂಥ ಊರು ಹೊರಗಿನವರಿಗೆ ದಿನದ ಬದುಕಿನಲ್ಲಿ ಯಾಕೆ ಇಷ್ಟು ಬಿಗಿಯಾಗುತ್ತದೆ?

ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಸೇಡಂ ರಸ್ತೆಯಲ್ಲಿ 1980ರ ಗುಲಬರ್ಗಾ ವಿಶ್ವವಿದ್ಯಾಲಯವಿದೆ. ಕೇರಳ, ಒಡಿಶಾ, ಉತ್ತರದ ರಾಜ್ಯಗಳಿಂದ ಪಾಠ ಹೇಳಲು ಬಂದವರು ನಮ್ಮ ಓಣಿಗಳಲ್ಲಿ ಮನೆ ಹುಡುಕುತ್ತಾರೆ. ಅವರು ಮೊದಲು ಕೇಳಿಸಿಕೊಳ್ಳುವ ಮಾತು ‘ನೀವು ಯಾ ಮಂದಿ ರೀ?’ ಎರಡನೆಯದು ‘ಮಾಂಸ ತಿಂತೀರೇನು?’ ಅರ್ಬಾ ಮಿಂಚ್‌ನ ನನ್ನ ಮನೆಯೊಡತಿಗೂ ಮಾಂಸವಿಲ್ಲದ ನನ್ನ ಊಟ ವಿಚಿತ್ರವೇ ಆಗಿತ್ತು. ಆದರೆ ಆರ್ಥೊಡಾಕ್ಸ್ ಕ್ರೈಸ್ತರಾದ ಅವರು ಬುಧವಾರ, ಶುಕ್ರವಾರ ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ನನಗೆ ವಾರವೆಲ್ಲ ಉಪವಾಸವೆಂದು ತಿಳಿದುಕೊಂಡು, ಹುಳಿ ದೋಸೆಯಂಥ ಇಂಜೆರಾದ ಮೇಲೆ ಶಿರೋ ಎಂಬ ಕಡಲೆಹಿಟ್ಟಿನ ಗೊಜ್ಜು ಬಡಿಸಿದರು. ಒಂದೇ ತಟ್ಟೆಯಲ್ಲಿ ನಾನು ಈ ಕಡೆಯಿಂದ, ಅವರು ಆ ಕಡೆಯಿಂದ. ಊಟ ಬೇರೆಯಾದರೆ ಬಾಗಿಲು ಮುಚ್ಚಬೇಕಿಲ್ಲ ಎಂಬುದು ನನಗೆ ಪುಸ್ತಕದಲ್ಲಿ ಸಿಕ್ಕ ಪಾಠವಲ್ಲ.

ಇನ್ನೊಂದು ಸಂಗತಿ ನಮ್ಮ ಒಳ್ಳೆಯತನದಿಂದಲೇ ಆಗುವ ಕೇಡು. ಕಲಬುರಗಿಯಲ್ಲಿ ಬಹಳ ಮಂದಿಗೆ ಹಿಂದಿ, ದಖನಿ ಉರ್ದು ಬರುತ್ತದೆ. ಹೊರಗಿನವರನ್ನು ಕಂಡ ಕೂಡಲೇ ಅವರಿಗೆ ತ್ರಾಸಾಗಬಾರದೆಂದು ನಾವೇ ಹಿಂದಿಗೆ ಇಳಿಯುತ್ತೇವೆ. ಅವರು ವರ್ಷಗಟ್ಟಲೆ ಇದ್ದರೂ ಕನ್ನಡ ಕಲಿಯುವುದಿಲ್ಲ, ಕಲಿಯಲಿಲ್ಲವೆಂದು ಆಮೇಲೆ ನಾವೇ ಬೈಯುತ್ತೇವೆ. ಕನ್ನಡ ಬರುವುದು ಬೋರ್ಡಿನಿಂದಲ್ಲ, ಕಟ್ಟೆಯಿಂದ. ನನಗೆ ಅಮ್ಹಾರಿಕ್ ಬಂದದ್ದು ಆ ವಠಾರದ ಹೆಂಗಸರು ನನ್ನ ತೊದಲು ಮಾತಿಗೆ ಸಮಾಧಾನದಿಂದ ಕಾದದ್ದಕ್ಕೆ. ನಾವೂ ಅಷ್ಟು ಕಾಯಬಹುದು.

ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಈಗ ಕೇರಳದ ಒಬ್ಬ ಉಪನ್ಯಾಸಕಿ ಬಾಡಿಗೆಗಿದ್ದಾರೆ. ಎಳ್ಳಮವಾಸಿಗೆ ಅವರನ್ನೂ ಹೊಲಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ನನ್ನ ತಮ್ಮ ಫೋನಿನಲ್ಲಿ ಹೆಮ್ಮೆಯಿಂದ ಹೇಳಿದ. ಬಹಳ ಚಲೋ ಆತು, ಮರುದಿನ ಸಂಜೀಗೆ ಅವ್ವನ ಕೂಡ ಕೂತು ಚಾ ಕುಡೀಲಿಕ್ಕೂ ಕರಿ, ಅದರ ಮರುದಿನಾನೂ ಕರಿ ಎಂದೆ.

‘ಅವ್ವಗ ಹಿಂದಿ ಬರಂಗಿಲ್ಲಲ್ಲೋ ಅಣ್ಣಾ’ ಎಂದ.

‘ಅದಕ್ಕೇ ಅವ್ವನ ಕೂಡ ಕೂಡಸು ಅಂದಿದ್ದು’ ಎಂದೆ.