ಬ್ಯಾಗಿಗೆ ಹಿಡಿಸುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಬೇಕಾ?

ಪರ: ದೊಡ್ಡ ನೆಗೆಟಿವ್ ಜೊತೆಗೇ ಇರಲಿ

ಮೀಡಿಯಂ ಫಾರ್ಮ್ಯಾಟ್ (ಸಾಮಾನ್ಯ 35 ಎಂಎಂಗಿಂತ ದೊಡ್ಡ ಫಿಲ್ಮ್ ಅಥವಾ ಸೆನ್ಸರ್ ಇರುವ ಕ್ಯಾಮೆರಾ) ಅಂದ ಕೂಡಲೇ ಹಲವರಿಗೆ ಟ್ರೈಪಾಡ್, ಸ್ಟುಡಿಯೋ, ಹೆಗಲು ನೋವು ನೆನಪಾಗುತ್ತವೆ. ಮಾಮಿಯಾ ಆರ್‌ಬಿ67ರಂಥ ಭಾರದ ಕ್ಯಾಮೆರಾ ಹೊತ್ತವರಿಗೆ ಆ ಮಾತು ಸರಿ. ಆದರೆ ಹಳೆಯ ಮಡಚುವ ಕ್ಯಾಮೆರಾ ಕೋಟಿನ ಜೇಬಿಗೇ ಇಳಿಯುತ್ತದೆ. 1995ರ ಫ್ಯೂಜಿ ಜಿಎ645ರಲ್ಲಿ ಆಟೋಫೋಕಸ್ ಕೂಡ ಇದೆ.

ನನ್ನದು ಚೌಕ ನೆಗೆಟಿವ್ ಕೊಡುವ 6×6 ಮಡಚುವ ಕ್ಯಾಮೆರಾ. ಅದರ ನೆಗೆಟಿವ್ 35 ಎಂಎಂ ಫಿಲ್ಮಿನದಕ್ಕಿಂತ ಮೂರೂವರೆ ಪಟ್ಟು ದೊಡ್ಡದು. ಅಷ್ಟೇ ಅಳತೆಯ ಪ್ರಿಂಟ್‌ಗೆ ಅದನ್ನು ಹಿಗ್ಗಿಸುವುದು ಕಡಿಮೆ. ಹಾಗಾಗಿ ಗ್ರೇನ್, ಅಂದರೆ ಫಿಲ್ಮಿನ ಕಾಳು, ಸಣ್ಣದಾಗಿ ಉಳಿಯುತ್ತದೆ, ಬೆಳಕಿನಿಂದ ನೆರಳಿಗೆ ಇಳಿಯುವ ಬಣ್ಣ ನುಣ್ಣಗಿರುತ್ತದೆ.

ಒಂದು ಮಧ್ಯಾಹ್ನ ಅಜ್ಜಿ ಕಿಟಕಿ ಪಕ್ಕ ಕೂತು ಹೊಲಿಯುತ್ತಿದ್ದರು. ರೋಲಿನ 12 ಫ್ರೇಮುಗಳಲ್ಲಿ ಒಂದೇ ಉಳಿದಿತ್ತು. ಒಳಗೆ ಕನ್ನಡಿ ಎಗರುವುದಿಲ್ಲ, ಲೆನ್ಸಿನಲ್ಲೇ ಇರುವ ಲೀಫ್ ಶಟರ್ ಸಣ್ಣಗೆ ಕ್ಲಿಕ್ ಅಂದಿತು. ಅಜ್ಜಿ ತಲೆ ಎತ್ತಲೇ ಇಲ್ಲ. ಅವರು ಹೋದ ಮೇಲೆ ಆ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿದೆವು. ಬೆರಳ ನಡುವೆ ಸೂಜಿ ಕಂಡಿತು. ಅದರಲ್ಲಿ ಪೋಣಿಸಿದ ದಾರವೂ ಕಂಡಿತು. ಅಮ್ಮ ಹತ್ತಿರ ಹೋಗಿ ಅದನ್ನೇ ತುಂಬಾ ಹೊತ್ತು ನೋಡಿದರು.

ಕತ್ತಲಲ್ಲಿ ಏನು ಮಾಡುತ್ತೀರಿ ಎಂದು ಕೇಳುವವರು ಇದ್ದೇ ಇರುತ್ತಾರೆ. ಕಿಟಕಿ ಪಕ್ಕ ಬನ್ನಿ ಅನ್ನುತ್ತೇನೆ. ದೊಡ್ಡ ಕ್ಯಾಮೆರಾ ಆಗಿದ್ದರೆ ಅವತ್ತು ಅದು ಬೀರುವಿನಲ್ಲೇ ಇರುತ್ತಿತ್ತು. ಕೈಯಲ್ಲಿದ್ದದ್ದು ಈ ಪುಟ್ಟದು, ಅದಕ್ಕೇ ಆ ದಾರ ನಮಗೆ ಉಳಿಯಿತು.

ವಿರೋಧ: ಹಗುರವಾಗಲು ಬಿಟ್ಟುಕೊಟ್ಟದ್ದೂ ಇದೆ

ವಿರೋಧದ ಕಡೆ ಬರೆಯಲು ಕೇಳಿದರು, ಬರೆಯುತ್ತಿದ್ದೇನೆ. ದೊಡ್ಡ ನೆಗೆಟಿವ್ ಚೆಂದ ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಚಿತ್ರಕ್ಕೆ ಮೂಗು ತಾಗಿಸಿ ದಾರ ಹುಡುಕುವವರು ಎಷ್ಟು ಜನ?

ನನ್ನ ತಕರಾರು ಲೆನ್ಸಿನದು. ಕ್ಯಾಮೆರಾ ಚಿಕ್ಕದಾಗಬೇಕಾದರೆ ಲೆನ್ಸೂ ಚಿಕ್ಕದಾಗಬೇಕು. ಜಿಎ645ರಲ್ಲಿ ಬೆಳಕು ಬರುವ ಕಿಂಡಿ ಹೆಚ್ಚೆಂದರೆ ಎಫ್/4, ಇನ್ನೊಂದು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಮಾಮಿಯಾ 7ರ 80 ಎಂಎಂ ಲೆನ್ಸಿನಲ್ಲೂ ಎಫ್/4. ಎಫ್/2 ಲೆನ್ಸಿಗೆ ಹೋಲಿಸಿದರೆ ಒಳಗೆ ಬರುವ ಬೆಳಕು ಕಾಲು ಭಾಗ ಮಾತ್ರ. ಸಂಜೆಯಾದರೆ ಕೈಯಲ್ಲಿ ಹಿಡಿದು ತೆಗೆಯುವುದು ಕಷ್ಟ, ಅಲ್ವಾ? ಆ ಮಾಮಿಯಾ ಲೆನ್ಸ್ ಒಂದು ಮೀಟರಿಗಿಂತ ಹತ್ತಿರ ಫೋಕಸ್ ಆಗುವುದೂ ಇಲ್ಲ. ಮಡಚುವ ಕ್ಯಾಮೆರಾದಲ್ಲಿ ಬೆಲ್ಲೋಸ್ (ಲೆನ್ಸಿನ ಹಿಂದಿನ ಮಡಿಕೆ ಚೀಲ) ಸವೆದು ತೂತಾದರೆ ಬೆಳಕು ನುಸುಳಿ ರೋಲೇ ಹಾಳು.

ಡಿಜಿಟಲ್‌ನಲ್ಲಿ ಲಾಭ ಇನ್ನೂ ಕಡಿಮೆ. 2025ರ ಫ್ಯೂಜಿಫಿಲ್ಮ್ ಜಿಎಫ್‌ಎಕ್ಸ್100ಆರ್‌ಎಫ್‌ನ ಸೆನ್ಸರ್ ಸುಮಾರು 44×33 ಮಿ.ಮೀ. ಫುಲ್ ಫ್ರೇಮ್‌ಗಿಂತ, ಅಂದರೆ 35 ಎಂಎಂ ಫಿಲ್ಮಿನ ಅಳತೆಯ ಸೆನ್ಸರಿಗಿಂತ, 1.7 ಪಟ್ಟಿನಷ್ಟೇ ದೊಡ್ಡದು. ಅದರಲ್ಲೂ ಲೆನ್ಸ್ ಎಫ್/4, ಕೈನಡುಕ ತಡೆಯಲು ಒಳಗೆ ಸ್ಟೆಬಿಲೈಸೇಶನ್ ಕೂಡ ಇಲ್ಲ.

ನಿಂತ ಬೆಟ್ಟ, ಕೂತ ಮನುಷ್ಯರಿಗೆ ಇದು ಒಳ್ಳೆಯ ಕ್ಯಾಮೆರಾ. ನನ್ನ ಮಗಳು ಕೂರುವವಳಲ್ಲ. ಅವಳಿಗೆ 35 ಎಂಎಂ ಸಾಕು, 36 ಫ್ರೇಮ್ ಸಿಗುತ್ತವೆ.